ಜನನಿ ತಿರುಗಿ ನೋಡಿದ ಗಿಟಾರ್

ಕೆತ್ತಿ, ನೀಲಗಿರಿ
೯ ನವೆಂಬರ್ ೨೦೨೪

ಪ್ರೀತಿಯ ಸತೀಶಾ,

ನಿನ್ನ ನೆತ್ತಿಯ ಮೇಲೆ ಇಲ್ಲಿಂದಲೇ ಕೈಯಿಟ್ಟಿದ್ದೇನೆ, ತಲೆ ಬಾಗಿಸಿಕೋ. ಹುಷಾರಾಗಿದ್ದೀಯಾ? ಹಡಗಿನಲ್ಲಿ ತಲೆ ಸುತ್ತುವುದು ನಿಂತಿತೇ? ಉಪ್ಪುಗಾಳಿಗೆ ನಿನಗೆ ಗಂಟಲು ಕಟ್ಟುತ್ತದೆ ಎಂದು ನಿನ್ನ ಅಮ್ಮ ದಿನಾ ಹೇಳುತ್ತಾಳೆ, ಬಿಸಿನೀರು ಕುಡಿ. ಇಲ್ಲಿ ಅವಳ ಮಂಡಿನೋವು ಚಳಿಗೆ ಸ್ವಲ್ಪ ಜಾಸ್ತಿಯಾಗಿದೆ, ಬಾಯಿ ಮಾತ್ರ ಚೆನ್ನಾಗಿಯೇ ಇದೆ. ತೋಟದಲ್ಲಿ ಟೀ ಎಲೆ ಪರವಾಗಿಲ್ಲ, ಮಂಜು ಬಿಟ್ಟರೆ ಇನ್ನೊಂದು ಸುತ್ತು ಕೀಳಬಹುದು. ಫೋನ್ ಇರುವಾಗ ಈ ಮುದುಕ ಕಾಗದ ಯಾಕೆ ಬರೆಯುತ್ತಾನೆ ಎಂದು ನಗಬೇಡ. ಫೋನಿನಲ್ಲಿ ನಾನು ಒಂದು ಮಾತು ಶುರುಮಾಡುವಷ್ಟರಲ್ಲಿ ನೀನು ನಾಲ್ಕು ಮಾತಾಡುತ್ತೀ, ಆಮೇಲೆ ಲೈನ್ ಕಟ್ಟಾಗುತ್ತದೆ. ಅಲ್ಲದೆ ಇದು ಎಲ್ಲರ ಎದುರು ಹೇಳುವ ವಿಷಯವೂ ಅಲ್ಲ. ಗುಂಡ್ಲುಪೇಟೆಯ ಹಾಸ್ಟೆಲ್ಲಿನಲ್ಲಿ ನಾನು ಕಲಿತು, ನಿನ್ನ ಕಿವಿ ಹಿಂಡಿ ನಿನಗೂ ಕಲಿಸಿದ ಕನ್ನಡ ಈಗ ಉಪಯೋಗಕ್ಕೆ ಬಂತು. ನಿನ್ನ ಹೆಂಡತಿ ನಿವೇತಾಗೆ ಇದನ್ನು ಓದಲು ಬರುವುದಿಲ್ಲ. ಕೊಚ್ಚಿಯ ಕಂಪನಿ ಆಫೀಸಿಗೆ ಹಾಕಿದರೆ ಹಡಗು ಬಂದಾಗ ನಿನ್ನ ಕೈಗೆ ಕೊಡುತ್ತಾರಂತೆ.

ವಿಷಯ ನಿನ್ನ ಮಗಳದು. ಜನನಿಯನ್ನು ಶಾಲೆಯವರು ಬೇಡ ಅನ್ನುತ್ತಿದ್ದಾರೆ. ಹೋದ ವಾರ ಮಿಸ್ಸು ನಿವೇತಾಳನ್ನು ಕರೆಸಿ, ಮಗು ಕರೆದರೆ ತಿರುಗುವುದಿಲ್ಲ, ಹೇಳಿದ್ದು ಮಾಡುವುದಿಲ್ಲ, ಹೀಗೇ ಆದರೆ ಮುಂದಿನ ವರ್ಷಕ್ಕೆ ಬೇರೆ ಕಡೆ ನೋಡಿಕೊಳ್ಳಿ ಎಂದರಂತೆ. ನಿವೇತಾ ಮನೆಗೆ ಬಂದವಳೇ ಕೂಸಿನ ಬೆನ್ನಿಗೆ ಎರಡು ಬಿಟ್ಟಳು, ಆಮೇಲೆ ತಾನೇ ಅಡುಗೆಮನೆಯಲ್ಲಿ ಕೂತು ಅತ್ತಳು. ಅವಳನ್ನು ಬೈಯಬೇಡ. ಗಂಡ ಸಮುದ್ರದ ಮೇಲೆ, ಅತ್ತೆ ಮಂಡಿ ಹಿಡಿದುಕೊಂಡು ಮೂಲೆಯಲ್ಲಿ, ಊರಿನವರದ್ದು ಬೇರೆ ಮಾತು. ಹಿರಿಯರು ಬಂದರೆ ಹೋಗಿ ತಲೆ ಬಾಗಿ ಹರಸಿಸಿಕೊಳ್ಳದ ಕೂಸು ನಮ್ಮ ಊರಿನಲ್ಲಿ ಯಾವುದಿದೆ ಹೇಳು. ನಿನ್ನ ದೊಡ್ಡಮ್ಮ ಪಂಕಜಂ ತುಮ್ಮನಟ್ಟಿಯಿಂದ ಬಂದಿದ್ದಳು. "ಬಾ ಕೂಸೇ, ತಲೆ ಕೊಡು" ಎಂದು ಬಾಗಿಲಲ್ಲೇ ಕೈ ಎತ್ತಿಕೊಂಡು ನಿಂತರೆ, ಇವಳು ಆ ಕಡೆ ಮುಖ ಮಾಡಿಕೊಂಡು ಡಬ್ಬಿ ಜೋಡಿಸುತ್ತಾ ಕೂತೇ ಇದ್ದಳು. ಪಂಕಜಂ ಎತ್ತಿದ ಕೈ ಇಳಿಸಿಕೊಂಡು, "ನಮ್ಮ ಹರಕೆ ಬೇಡವಾಯ್ತಾ ಇವಳಿಗೆ" ಎಂದು ಕಾಫಿಯನ್ನೂ ಮುಟ್ಟದೆ ಎದ್ದಳು. ಆಗ ನಾನು ಹೊರಗಿನಿಂದ "ಜನನಿ" ಅಂದೆ. ಅಷ್ಟೇ. ಎದ್ದು ಓಡಿ ಬಂದು ನನ್ನ ಕೈಯಡಿಗೆ ತಲೆ ತೂರಿಸಿದಳು. ನಾನು ಎಷ್ಟು ಬೀಗಿದೆ ಎಂದರೆ, ಈ ಮನೆಯಲ್ಲಿ ಒಬ್ಬರ ಮಾತಿಗಾದರೂ ಬೆಲೆಯಿದೆ ಎಂದು ನಿನ್ನ ಅಮ್ಮನನ್ನು ಆ ವಾರವೆಲ್ಲ ರೇಗಿಸಿದೆ. ಫ್ಯಾಕ್ಟರಿಗೆ ಎಲೆ ಹಾಕಲು ಹೋದಾಗ ಅಲ್ಲಿಯೂ ಹೇಳಿಕೊಂಡೆ.

ಇನ್ನು ನಿನ್ನ ಗಿಟಾರ್. ಅದಕ್ಕೂ ಇದಕ್ಕೂ ಏನಪ್ಪಾ ಸಂಬಂಧ ಎಂದು ಕೇಳಬೇಡ, ಅದು ನನಗೂ ಸರಿಯಾಗಿ ಗೊತ್ತಿಲ್ಲ, ಗೊತ್ತಿದ್ದರೆ ಇಷ್ಟುದ್ದ ಬರೆಯುತ್ತಿರಲಿಲ್ಲ. ನೀನು ಬಿಟ್ಟುಹೋದ ಆ ಕೆಂಗಂದು ಗಿಟಾರನ್ನು ಮೊದಲ ಸಲ ಮನೆಗೆ ತಂದಾಗ, "ಮುಖ, ಬೆನ್ನು, ಪಕ್ಕೆ, ಎಲ್ಲಾ ಮಹಾಗನಿ ಅಪ್ಪಾ, ಒಂದೇ ಮರ" ಎಂದು ಕುಣಿದೆ. ಅಂಗಡಿಯವನು ನಿನಗೆ ಚೆನ್ನಾಗಿ ಟೋಪಿ ಹಾಕಿದ್ದಾನೆ ಎಂದೇ ನಾನು ತಿಳಿದೆ. ವಾದ್ಯ ಅಂದಮೇಲೆ ಝಣ್ ಅನ್ನಬೇಕು. ಇದು ಹುಂ ಅನ್ನುತ್ತದೆ. ದನಿ ಹೊರಗೆ ಹಾರುವುದೇ ಇಲ್ಲ, ಹತ್ತಿರದಲ್ಲೇ ದಪ್ಪಗೆ ಕೂತು, ಬಾಲ ಎಳೆಯದೆ ಬೇಗ ಮುಗಿದುಹೋಗುತ್ತದೆ. "ಹೊಟ್ಟೆಗೆ ಒತ್ತಿ ಹಿಡಿದು ನೋಡಪ್ಪಾ, ಆಗ ಗೊತ್ತಾಗುತ್ತೆ" ಅಂದಿದ್ದೆ. ಆಗ ನಾನು ನೋಡಲಿಲ್ಲ. ಹಡಗಿನ ಬ್ಯಾಂಡಿನಲ್ಲಿ ಡ್ರಮ್ಮಿನ ಮುಂದೆ ಇದರ ದನಿ ಏಳುವುದಿಲ್ಲ ಎಂದು ನೀನು ಬಿಳಿ ಮರದ ಮುಖದ ಇನ್ನೊಂದು ಗಿಟಾರ್ ತೆಗೆದುಕೊಂಡು ಹಡಗು ಹತ್ತಿದ ಮೇಲೆ, ಮನೆ ಬಿಕೋ ಅನ್ನಿಸಿದ ಸಂಜೆಗಳಲ್ಲಿ ಇದನ್ನು ತೊಡೆಯ ಮೇಲೆ ಇಟ್ಟುಕೊಳ್ಳುವ ಅಭ್ಯಾಸವಾಯಿತು. ನುಡಿಸಲು ನನಗೇನು ಬರುತ್ತದೆ, ದಪ್ಪ ತಂತಿಯ ಮೇಲೆ ಹೆಬ್ಬೆರಳು ಎಳೆಯುತ್ತೇನೆ ಅಷ್ಟೇ. ಹೊಳಪು ಬಳಿದಿಲ್ಲವಲ್ಲ, ಬೆರಳಿಗೆ ಮರದ ನಾರು, ಸಣ್ಣ ಸಣ್ಣ ರಂಧ್ರ ಎಲ್ಲಾ ತಗಲುತ್ತವೆ. ಈ ಚಳಿಯಲ್ಲೂ ಮೈಗೆ ತಾಗಿದ ಸ್ವಲ್ಪ ಹೊತ್ತಿಗೆ ಬೆಚ್ಚಗಾಗುತ್ತದೆ. ತಂತಿ ಎಳೆದರೆ ಬೆನ್ನಿನ ಹಲಗೆ ನನ್ನ ಪಕ್ಕೆಲುಬಿನೊಳಗೆ ಗುಂಯ್‌ಗುಡುತ್ತದೆ. ನೀನು ಹೇಳಿದ್ದು ಸರಿಯಾಗಿತ್ತು, ಒಪ್ಪಿಕೊಂಡೆ.

ದೀಪಾವಳಿ ರಜೆಗೆ ನಿನ್ನ ಅತ್ತೆಯ ಮಗ ಪ್ರವೀಣ್‌ಕುಮಾರ್ ತನ್ನ ಹೊಸ ಗಿಟಾರ್ ಹಿಡಿದುಕೊಂಡು ಬಂದ. ಅದರದ್ದೂ ಬಿಳಿಮುಖ, ನಿನ್ನ ಇನ್ನೊಂದರ ಹಾಗೆಯೇ. ನಡುಮನೆಯಲ್ಲಿ ಕೂತು ಸಣ್ಣ ತಂತಿಗಳ ಮೇಲೆ ಸರಸರನೆ ಬೆರಳಾಡಿಸಿದ. ಚೆನ್ನಾಗಿಯೇ ಇತ್ತು, ಪಕ್ಕದ ಮನೆಯವರೂ ಬಂದು ನಿಂತರು. ಜನನಿ ಮಾತ್ರ ಅವನಿಗೆ ಬೆನ್ನು ಹಾಕಿಕೊಂಡು ತನ್ನ ಡಬ್ಬಿಗಳ ಜೊತೆ ಇದ್ದಳು. ಒಂದು ಸಲವೂ ತಿರುಗಲಿಲ್ಲ. ಅವನ ಮುಖ ಸಣ್ಣದಾಯಿತು. ನನಗೂ ಸ್ವಲ್ಪ ಹೊಟ್ಟೆಕಿಚ್ಚು ಇತ್ತು ಅಂತಿಟ್ಟುಕೋ, ನನ್ನ ಮಗನ ಗಿಟಾರೇನು ಕಡಿಮೆಯೇ ಎಂದು ಬೀರುವಿನ ಮೇಲಿಂದ ಇದನ್ನು ಇಳಿಸಿ ದಪ್ಪ ತಂತಿ ಎಳೆದೆ. ಕೂಸು ಥಟ್ಟನೆ ತಿರುಗಿದಳು. ಡಬ್ಬಿ ಬಿಟ್ಟು ಬಂದು, ಗಿಟಾರಿನ ಬೆನ್ನಿಗೆ ಕೆನ್ನೆಯಿಟ್ಟು ಕಣ್ಣು ಮುಚ್ಚಿಕೊಂಡಳು. ಎಲ್ಲರೂ ನಕ್ಕರು. "ಇವಳಿಗೆ ಅಪ್ಪನ ಗಿಟಾರೇ ಆಗಬೇಕಂತೆ ಮಾಮಾ, ನಮ್ಮದೆಲ್ಲ ಲೆಕ್ಕಕ್ಕಿಲ್ಲ" ಎಂದ ಪ್ರವೀಣ. ನಿವೇತಾ ಬಹಳ ದಿನದ ಮೇಲೆ ನಕ್ಕಳು. ನಾನೂ ನಗಬೇಕಿತ್ತು.

ಆದರೆ ನನ್ನ ಕೈ ಸುಮ್ಮನಿರಲಿಲ್ಲ. ಅವಳು ಮತ್ತೆ ಆಟಕ್ಕೆ ಹೋದ ಮೇಲೆ ಅದೇ ಗಿಟಾರಿನ ಸಣ್ಣ ತಂತಿ ಮೀಟಿದೆ. ತಿರುಗಲಿಲ್ಲ. ಜೋರಾಗಿ ಮೀಟಿದೆ. ಇಲ್ಲ. ಅಪ್ಪನ ಗಿಟಾರ್ ಎಂಬ ಪ್ರೀತಿಯಾದರೆ ಸಣ್ಣ ತಂತಿಯೂ ಅಪ್ಪನದೇ ಅಲ್ಲವೇ? ಪ್ರವೀಣನಿಗೆ ಅವನದ್ದರ ದಪ್ಪ ತಂತಿ ಬಾರಿಸು ಅಂದೆ. ಆಗ ಅರ್ಧ ತಿರುಗಿ, ಎಲ್ಲಿಂದ ಬಂತು ಎಂದು ಹುಡುಕುವವಳ ಹಾಗೆ ನೋಡಿ, ಮತ್ತೆ ಡಬ್ಬಿಗೆ ಹೋದಳು. ಅಂದಿನಿಂದ ನನಗೆ ಇದೇ ಕೆಲಸ. ಕುಕ್ಕರ್ ಸೀಟಿ ಹೊಡೆದರೆ ನಾನು ಬೆಚ್ಚುತ್ತೇನೆ, ಅದರ ಪಕ್ಕದಲ್ಲೇ ಇರುವ ಕೂಸು ಬೆಚ್ಚುವುದಿಲ್ಲ. ಎಲೆ ಲಾರಿ ಕೆಳಗಿನ ತಿರುವಿಗೆ ಬರುವ ಮೊದಲೇ ಬಾಗಿಲಿಗೆ ಓಡುತ್ತಾಳೆ. ಕಿವಿ ಕೇಳದ ಕೂಸಾದರೆ ಲಾರಿ ಹೇಗೆ ಕೇಳುತ್ತದೆ? ಕೇಳುವುದಾದರೆ ಸೀಟಿ ಎಲ್ಲಿ ಹೋಯಿತು? ನಿನ್ನ ಅಮ್ಮನದ್ದು ಕೀರಲು ದನಿ, ಪಂಕಜಂದೂ ಅದೇ, ಮಿಸ್ಸಿನದ್ದು ಇನ್ನೂ ಸಣ್ಣ. ನನ್ನದು ಈ ಗಿಟಾರಿನ ಹಾಗೆ ದಪ್ಪ. ಹಾಗೆ ನೋಡಿದರೆ ಒಂದು ಅರ್ಥ ಬರುತ್ತದೆ. ಮರುದಿನ, ಮುನಿಸು ಬಿಟ್ಟು ಮತ್ತೆ ಬಂದ ಪಂಕಜಂ ಅವಳ ಎದುರಿಗೆ ಕೂತು ಕೈ ಚಾಚಿದರೆ ಮಾತಿಲ್ಲದೆ ತಲೆ ಬಾಗಿಸುತ್ತಾಳೆ, ಆಗ ಆ ಅರ್ಥವೂ ಹೋಗಿ, ಸೊಕ್ಕೇ ಇರಬಹುದೇನೋ, ಮುದುಕನ ತಲೆ ಕೆಟ್ಟಿದೆಯೇನೋ ಅನ್ನಿಸುತ್ತದೆ. ನಿನಗೆ ಆ ಮರದ ಗುಣ ಗೊತ್ತು. ಮಹಾಗನಿಯ ದನಿ ಬೇರೆ ಮರದ ದನಿಗಿಂತ ಕೆಳಗಿರುತ್ತದೆಯೇ? ದಪ್ಪ ದನಿ ಒಳಗೆ ಹೋಗಿ, ಸಣ್ಣ ದನಿ ಬಾಗಿಲಲ್ಲೇ ನಿಂತುಬಿಡುವಂಥ ಕಿವಿ ಇರುತ್ತದೆಯೇ? ಅವಳು "ಸಕ್ಕರೆ" ಅನ್ನಲು "ಅಕ್ಕರೆ" ಅನ್ನುವುದನ್ನು ನಾವೆಲ್ಲ ಮುದ್ದು ಎಂದು ನಕ್ಕೆವು. ಅದೂ ಇದರದ್ದೇ ಏನು? ನನಗೆ ಒಂದೂ ತಿಳಿಯುತ್ತಿಲ್ಲ ಸತೀಶಾ. ಸೊಕ್ಕೇ ಆಗಿರಲಿ ಎಂದು ಬೇಡಿಕೊಳ್ಳುತ್ತಿದ್ದೇನೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಕಡಲಿಗೆ ಬಗ್ಗಿ ನೋಡುತ್ತಾ ನಿಲ್ಲಬೇಡ ಎಂದು ನಿನ್ನ ಅಮ್ಮ ಬರೆಯಿಸುತ್ತಿದ್ದಾಳೆ, ನಾನು ಬೇರೇನು ಬರೆಯುತ್ತಿದ್ದೇನೆ ಎಂದು ಅವಳಿಗೆ ಗೊತ್ತಿಲ್ಲ. ನಿವೇತಾ ನಿನ್ನನ್ನು ಕೇಳಿದಳೆಂದು ಬರೆಯಲು ಹೇಳಿದ್ದಾಳೆ. ನೀನು ಇರುವ ಕಡೆ ನಿನಗೆ ಒಳ್ಳೆಯದೇ ಎದುರಾಗಲಿ, ಒಂದು ಒಂಬತ್ತಾಗಲಿ.

ನಿನ್ನ ಅಪ್ಪ,
ಬಾಲಸುಬ್ರಮಣಿಯನ್

ತಾ.ಕ.: ಕವರಿಗೆ ಗೋಂದು ಹಚ್ಚುವ ಮೊದಲು ಇದಿಷ್ಟು. ಊಟಿಯ ಕಿವಿ ಡಾಕ್ಟರ್ ಹತ್ತಿರ ಮುಂದಿನ ತಿಂಗಳ ಮೊದಲ ಸೋಮವಾರಕ್ಕೆ ಹೇಳಿದ್ದೇನೆ. ನಿನ್ನ ಹಡಗು ಅದಕ್ಕೆ ಮೊದಲು ಕೊಚ್ಚಿಗೆ ಬರುತ್ತದಲ್ಲ, ರಜೆ ಕೇಳಿ ಬಂದುಬಿಡು. ಕೂಸನ್ನು ಕರೆದುಕೊಂಡು ಹೋಗಲು ನಾನೇ ಸಾಕು, ನೀನು ಬೇಕಾಗಿರುವುದು ಅದಕ್ಕಲ್ಲ. ನಿವೇತಾ ದಿನಾ ಅವಳನ್ನು ಮಲಗಿಸುವಾಗ ಹಾಡುತ್ತಾಳೆ, ನಿನಗೆ ಗೊತ್ತು, ಎಷ್ಟು ಸಣ್ಣ ಸಿಹಿ ದನಿ ಅವಳದು. ಕೂಸು ಮಿಸುಕಾಡದೆ ಅಮ್ಮನ ಬಾಯನ್ನೇ ನೋಡುತ್ತಾ ಮಲಗಿರುತ್ತಾಳೆ. ನಡುವೆ ದೀಪ ಆರಿಸಿದರೆ ಅಳುತ್ತಾಳೆ, ಕತ್ತಲೆಗೆ ಹೆದರುತ್ತಾಳೆ ಎಂದು ನಿವೇತಾ ದೀಪ ಹಾಕಿಕೊಂಡೇ ಹಾಡುತ್ತಾಳೆ. ನಿನ್ನೆ ಬಾಗಿಲಲ್ಲಿ ನಿಂತು ನೋಡಿದೆ, ಅದು ಕತ್ತಲೆಯ ಹೆದರಿಕೆ ಅಲ್ಲ. "ಈ ಐದು ವರ್ಷ ಕೂಸು ನಿನ್ನ ಹಾಡನ್ನು ಕೇಳಲಿಲ್ಲ, ನೋಡುತ್ತಿತ್ತು" ಎಂದು ಆ ತಾಯಿಗೆ ಹೇಳಲು ನನ್ನಿಂದ ಆಗುವುದಿಲ್ಲ. ನೀನು ಬಂದು ಹೇಳು.