ನವಿರು ಕೂದಲಿನ ತುರುಬು

ಕಲ್ಕುಣಿಕೆ, ಹುಣಸೂರು
ಭಾನುವಾರ, ೨೧ ಜುಲೈ ೨೦೨೪

ಪ್ರೀತಿಯ ಮಧು,

ಹೇಗಿದ್ದೀಯ ಮಗಳೇ? ಇಲ್ಲಿ ನಾಲ್ಕು ದಿನದಿಂದ ಬಿಡದೆ ಮಳೆ, ಮೈಸೂರಿನಲ್ಲೂ ಹಾಗೇ ಇರಬೇಕು. ಹಾಸ್ಟೆಲಿನಲ್ಲಿ ಒಗೆದ ಬಟ್ಟೆ ಒಣಗುತ್ತದೆಯೋ ಇಲ್ಲವೋ. ಹಸಿ ಯೂನಿಫಾರಂ ಹಾಕಿಕೊಂಡು ವಾರ್ಡಿಗೆ ಹೋಗಬೇಡ, ನಿನಗೆ ನೆಗಡಿ ಹಿಡಿದರೆ ಹದಿನೈದು ದಿನ ಬಿಡುವುದಿಲ್ಲ. ನರ್ಸಿಂಗ್ ಕಲಿಯುವುದೆಂದರೆ ದಿನವೆಲ್ಲ ನಿಂತೇ ಮಾಡುವ ಕೆಲಸ, ಸಂಜೆ ಬಂದು ಉಪ್ಪು ಹಾಕಿದ ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಕಾಲಿಟ್ಟುಕೊಂಡು ಕೂರು. ಮೆಸ್ಸಿನ ಊಟ ಸೇರದಿದ್ದರೆ ಎರಡು ಬಾಳೆಹಣ್ಣಾದರೂ ತಿನ್ನು. ನಾನು ಚೆನ್ನಾಗಿದ್ದೇನೆ. ಹೊಗೆಸೊಪ್ಪಿನ ಮೊದಲ ಕೊಯ್ಲು ಶುರುವಾಗಿದೆ. ಈ ಕಾಗದದ ಅಂಚಿನಲ್ಲಿ ಕಂದು ಕಲೆ ಕಂಡರೆ ಗಾಬರಿಯಾಗಬೇಡ, ಅದು ಸೊಪ್ಪಿನ ಅಂಟು. ಎಷ್ಟು ಉಜ್ಜಿದರೂ ಬೆರಳಿನಿಂದ ಹೋಗಿಲ್ಲ.

ನಿನ್ನ ಮೆಸೇಜು ಗುರುವಾರ ಬಂತು. "ಸಿಸ್ಟರ್ ಬೈದ್ರು. ಕೂದ್ಲು ನಿಲ್ತಾನೇ ಇಲ್ಲ. ಮುಂದಿನ ಭಾನುವಾರ ಕಟ್ ಮಾಡಿಸ್ತೀನಿ." ಅಪ್ಪನ ತಿಥಿ ಮುಗಿಸಿಕೊಂಡು ನೀನು ಬಸ್ಸು ಹತ್ತಿದ ಮೇಲೆ ಎರಡು ತಿಂಗಳಿಗೆ ನನಗೆ ಬಂದ ಮೊದಲ ಮಾತು ಇದು. ಎಷ್ಟು ಸಲ ಓದಿಕೊಂಡೆನೋ. ಅಷ್ಟು ದಿನ ನಾನು ಮಾಡಿದ ಫೋನನ್ನು ನೀನು ಎತ್ತಲಿಲ್ಲ. ಬೈಯಲು ಹೇಳುತ್ತಿಲ್ಲಮ್ಮ. ಈಗ ಮಾಡಿದರೂ ಎತ್ತದೆ ಹೋದರೆ ಎಂಬ ಹೆದರಿಕೆಯಿಂದಲೇ ಕಾಗದ ಹಿಡಿದಿದ್ದೇನೆ. ಕತ್ತರಿಸಬೇಡ ಎಂದು ಹೇಳುವುದಕ್ಕೂ ಅಲ್ಲ. ಕೂದಲು ನಿನ್ನದು. ಕಟ್ಟಲು ಬರುವುದಿಲ್ಲ ಎನ್ನುವ ಒಂದೇ ಕಾರಣಕ್ಕೆ ಕತ್ತರಿಸುವ ಹಾಗಾಗಬಾರದು, ಅಷ್ಟೇ. ಏಕೆಂದರೆ ಅದು ನನ್ನ ತಪ್ಪು. ಕ್ಲಾಸಿಗೆ ಜಡೆ ಸಾಕಿತ್ತು, ಈಗ ವಾರ್ಡಿಗೆ ತುರುಬೇ ಆಗಬೇಕು. ಇಷ್ಟು ವರ್ಷದಲ್ಲಿ ನಿನಗೆ ನಾನು ತುರುಬು ಕಟ್ಟುವುದನ್ನು ಕಲಿಸಬಹುದಿತ್ತು. ಕಲಿತುಬಿಟ್ಟರೆ ಬಾಚಣಿಗೆ ಹಿಡಿದುಕೊಂಡು ನನ್ನ ಮುಂದೆ ಬಂದು ಕೂರುವುದಿಲ್ಲವಲ್ಲ ಎಂದು ಬೇಕೆಂದೇ ಕಲಿಸಲಿಲ್ಲ.

ಈಗ ಹೇಳುತ್ತೇನೆ, ಕಾಗದವನ್ನು ಕನ್ನಡಿಯ ಪಕ್ಕದಲ್ಲಿಟ್ಟುಕೋ. ನಿನ್ನ ಕೂದಲು ಸೊಂಟ ದಾಟಿದರೂ ಎಳೆ ಬಲು ತೆಳು, ಪಿನ್ನು ಹಿಡಿಯುವುದಿಲ್ಲ, ಜಾರುತ್ತದೆ. ಆದ್ದರಿಂದ ಡ್ಯೂಟಿಯ ದಿನ ಬೆಳಿಗ್ಗೆ ತಲೆಗೆ ಸ್ನಾನ ಬೇಡ, ಹಿಂದಿನ ದಿನವೇ ಮಾಡು. ಎಣ್ಣೆ ತುದಿಗೆ ಮಾತ್ರ. ಬುಡಕ್ಕೆ ಹಚ್ಚಿದರೆ ನೆತ್ತಿಗೆ ಅಂಟಿಕೊಂಡು ತುರುಬು ನಿಂಬೆಹಣ್ಣಿನಷ್ಟಾಗುತ್ತದೆ. ಬಾಚಣಿಗೆಯನ್ನು ನೀರಿಗೆ ಅದ್ದಿ ಬಾಚಿ, ಕೂದಲನ್ನೆಲ್ಲ ಹಿಂಗತ್ತಿನಿಂದ ನಾಲ್ಕು ಬೆರಳು ಮೇಲೆ ಹಿಡಿದು ಕಪ್ಪು ರಬ್ಬರ್ ಬ್ಯಾಂಡ್ ಹಾಕು. ಆಮೇಲೆ ಸುಮ್ಮನೆ ತಿರುಚಿ ಸುತ್ತಬೇಡ, ನೀನು ಮಾಡುತ್ತಿರುವುದು ಅದೇ ಇರಬೇಕು. ಮೊದಲು ಸಡಿಲವಾಗಿ ಜಡೆ ಹೆಣೆ. ಹೆಣೆದ ಮೇಲೆ ಜಡೆಯ ಒಂದೊಂದು ಕಾಲನ್ನೂ ಮೆಲ್ಲಗೆ ಅಕ್ಕಪಕ್ಕಕ್ಕೆ ಎಳೆದು ಅಗಲ ಮಾಡು, ಆಗ ತೆಳು ಕೂದಲೂ ತುಂಬಿಕೊಂಡ ಹಾಗೆ ಕಾಣುತ್ತದೆ. ಅದನ್ನು ರಬ್ಬರ್ ಬ್ಯಾಂಡಿನ ಸುತ್ತ ಚಕ್ಕುಲಿಯ ಹಾಗೆ ಸುತ್ತಿ ತುದಿಯನ್ನು ಅಡಿಗೆ ತೂರಿಸು. ಯು ಪಿನ್ನನ್ನು ನೇರವಾಗಿ ಚುಚ್ಚಬಾರದು. ಮೊದಲು ತುರುಬಿನ ಅಂಚಿನ ನಾಲ್ಕು ಎಳೆ ಸಿಕ್ಕಿಸಿಕೊಂಡು, ಪಿನ್ನನ್ನು ಹೊರಳಿಸಿ, ತಲೆಗೆ ಒತ್ತಿಕೊಂಡು ನಡುವಿಗೆ ತಳ್ಳಬೇಕು. ಮೇಲೊಂದು, ಕೆಳಗೊಂದು, ಎರಡು ಪಕ್ಕಕ್ಕೆ ಎರಡು. ಅದರ ಮೇಲೆ ಬಲೆ. ನೀನು ಬಗ್ಗಿ ರೋಗಿಯನ್ನು ಎತ್ತಿ ಕೂರಿಸಿದರೂ ಅಲುಗುವುದಿಲ್ಲ.

ಹೊತ್ತಾದ ದಿನ ಜಡೆ ಬೇಡ. ಕೂದಲನ್ನು ಎರಡು ಪಾಲು ಮಾಡಿ ಎರಡನ್ನೂ ಬಲಕ್ಕೆ ತಿರುಚು, ಆಮೇಲೆ ಒಂದರ ಮೇಲೊಂದನ್ನು ಎಡಕ್ಕೆ ಸುತ್ತು, ಹಗ್ಗ ಹೊಸೆದ ಹಾಗೆ. ಅದು ತಾನಾಗಿ ಬಿಚ್ಚಿಕೊಳ್ಳುವುದಿಲ್ಲ. ಅದನ್ನೇ ಸುತ್ತಿ ಪಿನ್ನು ಹಾಕು, ಎರಡು ನಿಮಿಷದ ಕೆಲಸ. ರೂಮಿನಲ್ಲಿ ಓದುತ್ತಾ ಕೂತಾಗ ಪಿನ್ನೂ ಬೇಡ. ಬೈಲಕುಪ್ಪೆಯ ಅಂಗಡಿಯಲ್ಲಿ ಅಪ್ಪ ನಿನಗೆ ಕೊಡಿಸಿದ ಮರದ ಕಡ್ಡಿ ಇದೆಯಲ್ಲ, ಕೂದಲನ್ನು ಸುತ್ತಿ ಅದನ್ನು ಓರೆಯಾಗಿ ತೂರಿಸಿದರೆ ಸಾಕು. ಬಿಗಿಯಾಗಿ ಮಾತ್ರ ಎಳೆದು ಕಟ್ಟಬೇಡ, ನಿನಗೆ ಹಣೆಯ ಹತ್ತಿರ ಬೇಗ ಉದುರುತ್ತದೆ. ಮಲಗುವಾಗ ಬಿಚ್ಚಿಬಿಡು.

ಮೊದಲು ಜಡೆ ಹೆಣೆದು ಆಮೇಲೆ ಸುತ್ತುವುದು ನನ್ನ ಬುದ್ಧಿಯಲ್ಲ. ನನ್ನ ಕೂದಲು ನಿನಗೆ ಗೊತ್ತೇ ಇದೆ, ತೆಂಗಿನ ನಾರು, ಹೇಗೆ ಗಂಟು ಹಾಕಿದರೂ ನಿಲ್ಲುತ್ತದೆ. ಅದು ನಿನ್ನ ತಾಯಿ ಸುನಂದಕ್ಕನ ಕಟ್ಟು. ನಾನು ನನ್ನ ತವರು ಮಿರ್ಲೆಯಿಂದ ನಿಮ್ಮಪ್ಪನನ್ನು ಮದುವೆಯಾಗಿ ಈ ಮನೆಗೆ ಬಂದಾಗ ಅವರು ತೀರಿಕೊಂಡು ವರ್ಷವಾಗಿತ್ತು, ನಿನಗೆ ಏಳು ವರ್ಷ. ನನ್ನನ್ನು ಕಂಡರೆ ಹಿತ್ತಲಿಗೆ ಓಡುತ್ತಿದ್ದೆ. ತಲೆ ಮುಟ್ಟಲು ಬಿಡುತ್ತಿರಲಿಲ್ಲ. ನಿಮ್ಮಪ್ಪನೇ ಕೂರಿಸಿಕೊಂಡು ಎರಡು ಜಡೆ ಹಾಕುತ್ತಿದ್ದರು, ಒಂದು ಕಿವಿಯ ಮೇಲೆ, ಇನ್ನೊಂದು ಕತ್ತಿನ ಕೆಳಗೆ. "ಸೊಪ್ಪಿನ್ ಕಂತೆ ಕಟ್ತೀನಿ, ಇದೊಂದ್ ಜಡೆ ಆಕಕ್ ಬರಕ್ಕಿಲ್ವಲ್ಲ ನಂಗೆ" ಅನ್ನುತ್ತಿದ್ದರು. ಶಾಲೆಯಲ್ಲಿ ಹುಡುಗಿಯರು ನಗುತ್ತಾರೆ ಎಂದು ನೀನು ಅಳುತ್ತಿದ್ದೆ. ಆದರೂ ನನ್ನ ಹತ್ತಿರ ಬರಲಿಲ್ಲ. ನಾನೂ ಕರೆಯಲಿಲ್ಲ. ಕರೆದರೆ ಬರುವುದಿಲ್ಲ ಎಂದಾಗುವ ನೋವಿಗಿಂತ ಕರೆಯದೆ ಇರುವುದೇ ಮೇಲು ಅನ್ನಿಸುತ್ತಿತ್ತು. ಆ ಗುಣ ನನ್ನನ್ನು ಇನ್ನೂ ಬಿಟ್ಟಿಲ್ಲ.

ಆ ವರ್ಷದ ಕೊಯ್ಲಿನಲ್ಲಿ ನಾವೆಲ್ಲ ಹೊಗೆಸೊಪ್ಪು ಒಣಗಿಸಿ ಹದ ಮಾಡುವ ಬ್ಯಾರನ್ನಿನ ಮುಂದೆ ಕೂತು ಸೊಪ್ಪನ್ನು ಕಡ್ಡಿಗೆ ಕಟ್ಟುತ್ತಿದ್ದೆವು. ನೀನು ರಾಶಿಯ ಮೇಲೆ ಉರುಳಾಡಿ, ಅಂಟಾದ ಕೈಯಲ್ಲೇ ತಲೆ ಕೆರೆದುಕೊಂಡು, ಕೂದಲೆಲ್ಲ ಗಂಟು ಗಂಟಾಗಿ ಕಪ್ಪಗೆ ಮೆತ್ತಿಕೊಂಡಿತ್ತು. ಆಗಿನ್ನೂ ಬದುಕಿದ್ದ ನಿಮ್ಮಜ್ಜಿ ಚಿಕ್ಕಸಿದ್ದಮ್ಮ ಕತ್ತರಿ ತಂದೇಬಿಟ್ಟರು. "ಕತ್ರಿಸ್ ಬುಡು ಕಣಮ್ಮಿ, ಬೆಳೀತದೆ" ಅಂದರು. ನೀನು ಒಂದು ಕೂಗು ಕೂಗಿದೆ ನೋಡು, "ಅದು ನಮ್ಮವ್ವನ್ ಕೂದ್ಲು!" ಎಂದು. ಕತ್ತರಿ ಹಿಡಿದ ಅಜ್ಜಿಯ ಕೈ ಅಲ್ಲೇ ನಿಂತಿತು. ನಾನು ಕೊಬ್ಬರಿ ಎಣ್ಣೆಯ ಬಟ್ಟಲು ತಂದು ನಿನ್ನ ಹಿಂದೆ ಕೂತೆ. ಊಟದ ಹೊತ್ತಿನಿಂದ ದನ ಮನೆಗೆ ಬರುವ ತನಕ ಒಂದೊಂದೇ ಎಳೆ ಬಿಡಿಸಿದೆ. ಒಂದನ್ನೂ ಕತ್ತರಿಸಲಿಲ್ಲ. ನಡುವೆ ಎಲ್ಲೋ ನೀನು ನನ್ನ ಮಂಡಿಗೆ ಒರಗಿ ನಿದ್ದೆ ಹೋದೆ. ನಿಮ್ಮಜ್ಜಿ ಪಕ್ಕದಲ್ಲಿ ಬಂದು ಕೂತು, ಕಣ್ಣೊರೆಸಿಕೊಂಡು, "ನಮ್ ಸುನಂದ ಜಡೆ ಎಣ್ದೇ ಸುತ್ತೋಳು ಕಣವ್ವ, ಇಲ್ದಿದ್ರೆ ನಿಲ್ತಾನೇ ಇರ್ನಿಲ್ಲ" ಅಂತ ಕೈಯಲ್ಲಿ ತೋರಿಸಿಕೊಟ್ಟರು. ಮಾರನೆಯ ದಿನ ಶಾಲೆಗೆ ಹೊರಡುವ ಮುಂಚೆ ನೀನೇ ಬಾಚಣಿಗೆ ತಂದು ನನ್ನ ಮುಂದೆ ಬೆನ್ನು ಹಾಕಿ ಕೂತೆ. ಅಂದಿನಿಂದ ಹದಿಮೂರು ವರ್ಷ ನಿನ್ನ ಮುಖಕ್ಕಿಂತ ನಿನ್ನ ನೆತ್ತಿಯನ್ನೇ ನಾನು ಹೆಚ್ಚು ನೋಡಿದ್ದೇನೆ.

ಅದಕ್ಕೇ ತಿಥಿಯ ದಿನದ ಮಾತು ಹೇಳಬೇಕು. ಮೇ ತಿಂಗಳಲ್ಲಿ ಸಸಿ ನೆಡುತ್ತಿದ್ದಾಗ ಅಪ್ಪ ಹೊಲದಲ್ಲೇ ಕುಸಿದರು, ಆಸ್ಪತ್ರೆ ಮುಟ್ಟುವ ಮುಂಚೆಯೇ ಹೋದರು. ನೀನು ಬರುವ ಹೊತ್ತಿಗೆ ಅಂಗಳದಲ್ಲಿ ಮಲಗಿಸಿದ್ದೆವು. ಹನ್ನೊಂದು ದಿನ ನಾವಿಬ್ಬರೂ ಒಂದೇ ಚಾಪೆಯಲ್ಲಿ ಮಲಗಿದೆವು, ಆದರೆ ನನಗೆ ನಿನ್ನ ಹತ್ತಿರ ಏನು ಮಾತಾಡಬೇಕೋ ತಿಳಿಯಲಿಲ್ಲ. ತಿಥಿಯ ದಿನ ಊಟ ಮುಗಿದು ನೆಂಟರೆಲ್ಲ ನಡುಮನೆಯಲ್ಲಿ ಕೂತಿದ್ದಾಗ ಪಿರಿಯಾಪಟ್ಟಣದ ನಿನ್ನ ಸೋದರತ್ತೆ, ನನಗೆ ಕೇಳಲಿ ಎಂದೇ, "ಇವ್ಳೇನ್ ಎತ್ತ ತಾಯಾ? ತಮ್ಮನೇ ಓದ್ಮೇಲೆ ಇನ್ನೇನದೆ ಇವ್ಳಿಗೆ ಈ ಮನೇಲಿ?" ಅಂದರು. ನನಗೆ ಉರಿದುಹೋಯಿತು. "ನಂಗೇನೂ ಬ್ಯಾಡ ಕಣಕ್ಕ. ಇಲ್ ಯಾರವ್ರೆ ನಂಗೆ? ನಮ್ ಮಿರ್ಲೆಗೆ ಒಂಟೋಯ್ತೀನಿ" ಅಂದುಬಿಟ್ಟೆ. ಅಂದು ತಲೆ ಎತ್ತಿದರೆ ಬಾಗಿಲಲ್ಲಿ ನೀನು. ಮಾರನೆಯ ದಿನ ಕಾಲೇಜಿಗೆ ಹೋಗಬೇಕಲ್ಲ, ಎಣ್ಣೆ ಬಟ್ಟಲು, ಬಾಚಣಿಗೆ ಹಿಡಿದುಕೊಂಡು ಬಂದಿದ್ದೆ. ಹನ್ನೊಂದು ದಿನದ ಸಿಕ್ಕು ನಿನ್ನ ತಲೆಯಲ್ಲಿ. ನೀನು ನನ್ನ ಮುಖ ನೋಡಿದೆ, ನಾನು ಇನ್ನೇನಾದರೂ ಹೇಳುತ್ತೇನೆ ಎಂದು ನಿಂತೆ. ಆಮೇಲೆ ನೀನು ತಿರುಗಿ ಹೋದೆ. ಆಗಲೂ ನಾನು ಕೂಗಿ ಕರೆಯಲಿಲ್ಲ. ಬೆಳಿಗ್ಗೆ ಸಿಕ್ಕಾದ ತಲೆಗೆ ಒಂದು ಕ್ಲಿಪ್ಪು ಹಾಕಿಕೊಂಡು, ಸೆರಗು ಹೊದ್ದ ಹಾಗೆ ವೇಲು ಹೊದ್ದು ಬಸ್ಸು ಹತ್ತಿದೆ. ನಿನ್ನನ್ನು ಕಳಿಸಲು ನಾನು ಬಸ್‌ಸ್ಟಾಂಡಿನ ತನಕ ಬಂದೆನಲ್ಲ, ದಾರಿಯಲ್ಲೆಲ್ಲ ಬಾಯಿಗೆ ಬಂದ ಮಾತನ್ನು ನುಂಗಿಕೊಂಡೇ ಬಂದೆ. ಇಲ್ಲಿ ಯಾರಿದ್ದಾರೆ ನನಗೆ ಎಂದದ್ದು ಸುಳ್ಳು ಮಧು. ಅತ್ತೆಗೆ ಹೇಳಿದ್ದು ನಿನಗೆ ತಾಗಿತು. ನಿನಗೆ ತಾಗಿದ್ದನ್ನು ನೋಡಿಯೂ ಸುಮ್ಮನಿದ್ದೆ. ಅದನ್ನು ಕ್ಷಮಿಸು ಎಂದು ಕೇಳಲು ನನಗೆ ಬಾಯಿಲ್ಲ.

ಹೋದ ಸೋಮವಾರ ನನ್ನ ತಮ್ಮ ಮಹೇಂದ್ರ ಗೂಡ್ಸ್ ಆಟೋ ತಂದಿದ್ದ. "ಬಾರಕ್ಕ, ಒಬ್ಳೇ ಏನ್ ಮಾಡೀಯೆ ಇಲ್ಲಿ? ಸೊಪ್ಪನ್ನ ಯಾರ್ಗಾದ್ರೂ ವಾರಕ್ ಕೊಡು, ಪಾಲ್ ಬತ್ತದೆ" ಅಂದ. ನಾನೂ ಸೋತಿದ್ದೆ. ಹೊರಡೋಣ ಎಂದು ಟ್ರಂಕು ತುಂಬಿಕೊಟ್ಟೆ, ಅವನು ಗಾಡಿಗೆ ಏರಿಸಿದ. ಕೊನೆಯದಾಗಿ ಬೀರು ನೋಡುವಾಗ ಮೇಲಿನ ಅರೆಯಲ್ಲಿ ಬಿಳಿ ಪಂಚೆಯ ತುಂಡಿನಲ್ಲಿ ಸುತ್ತಿಟ್ಟ ಚೌರಿ ಸಿಕ್ಕಿತು. ಸುನಂದಕ್ಕ ಬಾಚುವಾಗ ಉದುರಿದ ತಮ್ಮದೇ ಕೂದಲನ್ನು ಸೇರಿಸಿಟ್ಟು ಮಾಡಿಸಿಕೊಂಡದ್ದು. ನಾನು ಬಂದ ಹೊಸದರಲ್ಲಿ ಅಜ್ಜಿ ನನಗೆ ಮುಡಿದುಕೋ ಎಂದು ಕೊಟ್ಟಿದ್ದರು. ಅದು ನನ್ನದಲ್ಲ ಎಂದು ಎತ್ತಿಟ್ಟು ಮರೆತಿದ್ದೆ. ಕೈಗೆ ತೆಗೆದುಕೊಂಡರೆ ಏನೂ ಭಾರವಿಲ್ಲ, ನಿನ್ನ ಕೂದಲಿನ ಹಾಗೇ ಜಾರುತ್ತದೆ. ಬಾಗಿಲಿಗೆ ಬೀಗ ಹಾಕಿದ ಮನೆಯಲ್ಲಿ ಅದನ್ನು ಬಿಟ್ಟುಹೋಗಲು ಮನಸ್ಸು ಬರಲಿಲ್ಲ. ಮಿರ್ಲೆಗೆ ಒಯ್ಯಲು ನನಗೆ ಹಕ್ಕಿಲ್ಲ. ಅದನ್ನು ಹಿಡಿದುಕೊಂಡು ಎಷ್ಟು ಹೊತ್ತು ಮಂಚದ ಮೇಲೆ ಕೂತಿದ್ದೆನೋ, ಮಹೇಂದ್ರ ಹಾರ್ನ್ ಹೊಡೆದು ಹೊಡೆದು ಒಳಗೆ ಬಂದ. "ಟ್ರಂಕ್ ಇಳ್ಸಪ್ಪ" ಅಂದೆ. ಅವನಿಗೆ ಕೋಪ ಬಂತು, ಆದರೂ ಇಳಿಸಿಕೊಟ್ಟು ಹೋದ. ಮಂಗಳವಾರದಿಂದ ಕೊಯ್ಲಿಗೆ ಆಳು ಕರೆದೆ. ಎರಡು ದಿನ ಬಿಟ್ಟು ನಿನ್ನ ಮೆಸೇಜು ಬಂತು.

ಆ ಚೌರಿಯನ್ನು ಸೀಗೆಪುಡಿಯಲ್ಲಿ ತೊಳೆದು ನೆರಳಲ್ಲಿ ಒಣಗಿಸಿ ಇದರ ಜೊತೆ ಕಳಿಸುತ್ತಿದ್ದೇನೆ. ಜಡೆ ಸುತ್ತುವ ಮುಂಚೆ ಒಳಗೆ ಇಟ್ಟುಕೊಂಡರೆ ಬಲೆ ತುಂಬುತ್ತದೆ. ಎರಡು ಡಜನ್ ಪಿನ್ನೂ ಇವೆ. ಇಷ್ಟೆಲ್ಲ ಮಾಡಿದರೂ ನಿಲ್ಲದಿದ್ದರೆ, ಅಥವಾ ನಿನಗೇ ಸಾಕಾಗಿದ್ದರೆ, ಕತ್ತರಿಸಿಬಿಡು. ನಿನ್ನ ತಾಯಿ ಏನೂ ಅಂದುಕೊಳ್ಳುವುದಿಲ್ಲ. ನಾನು ಒಂದು ದಿನ ಅತ್ತು ಸುಮ್ಮನಾಗುತ್ತೇನೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಕೈಯಿಂದ ನಾಲ್ಕು ಜನಕ್ಕೆ ವಾಸಿಯಾಗಲಿ, ನೂರು ಕಾಲ ಬಾಳು ಎಂದು ಹರಸುವ,

ಚಿಕ್ಕಮ್ಮ
ವಿಮಲಾ

ಮೇಲಿನದು ಬರೆದು ಮಡಚಿದ ಮೇಲೆ ಮತ್ತೆ ಬಿಚ್ಚಿದೆ. ಶನಿವಾರ ನಿನ್ನ ಕಾಲೇಜಿನಿಂದ ಒಂದು ಫಾರಂ ಅಂಚೆಯಲ್ಲಿ ಬಂತು. ತಂದೆ ಇಲ್ಲವಾದ್ದರಿಂದ ಇನ್ನು ಮುಂದೆ ನಿನ್ನ ಪೋಷಕರು ಯಾರು ಎಂದು ತುಂಬಿ ಸಹಿ ಮಾಡಬೇಕಂತೆ. ಹೆಸರಿನ ಜಾಗದಲ್ಲಿ ನನ್ನ ಹೆಸರು ಬರೆದೆ. ವಿದ್ಯಾರ್ಥಿನಿಯೊಂದಿಗಿನ ಸಂಬಂಧ ಎಂದು ಒಂದು ಖಾಲಿ ಗೆರೆ ಇತ್ತು. ನಿನ್ನನ್ನು ಕೇಳದೆ ಅಲ್ಲಿ ತಾಯಿ ಎಂದು ಬರೆದಿದ್ದೇನೆ. ಕಾಲೇಜಿಗೆ ಕಳಿಸಿಲ್ಲ, ಇದರೊಳಗೇ ಇಟ್ಟಿದ್ದೇನೆ. ಬೇಡವಾದರೆ ಹರಿದು ಹಾಕು, ಬೇರೆ ಫಾರಂ ತೆಗೆದುಕೊಂಡು ಯಾರ ಕೈಯಲ್ಲಾದರೂ ತುಂಬಿಸು, ನಾನು ಕೇಳುವುದಿಲ್ಲ. ಸರಿ ಅನ್ನಿಸಿದರೆ ಆಫೀಸಿಗೆ ಕೊಡು. ಮೂವತ್ತೊಂದು ಕೊನೆಯ ದಿನ.