ಯಾರೂ ಕರೆಯದ ಒಂಬತ್ತು ಹೆಸರು

ಫೆಬ್ರುವರಿ 6, 1989. ಸೋಮವಾರ

ಇವತ್ತೂ ಬಸ್ಸು ತುಂಬಿತ್ತು. ಮನೆಯಿರುವ ಧನಕವಡಿಯಿಂದ ಆಫೀಸಿರುವ ಸ್ವಾರಗೇಟಿನವರೆಗೆ ಒಂದೇ ಕಾಲ ಮೇಲೆ. ಆಫೀಸಿಗೆ ಹತ್ತು ನಿಮಿಷ ತಡ. ಯಾರೂ ಏನೂ ಅನ್ನಲಿಲ್ಲ — ಅನ್ನದೆ ಬಿಟ್ಟರೇ ನನಗೆ ಹೆಚ್ಚು ಕಸಿವಿಸಿ.

ಮ್ಯಾನ್ಯುಅಲ್ ಎಪ್ಪತ್ತೆರಡನೇ ಪುಟಕ್ಕೆ ಬಂತು. ಕುರಕುಂಭದ ಒಂದು ಕೆಮಿಕಲ್ ಕಾರ್ಖಾನೆಗೆ ನಮ್ಮವರು ಮಾಡಿಕೊಡುತ್ತಿರುವ ಪ್ರೋಗ್ರಾಂ. ಒಂಬತ್ತು ಟ್ಯಾಂಕುಗಳ ಬಿಸಿ ನೋಡುತ್ತಿರುತ್ತದೆ. ಮಿತಿ ದಾಟಿದರೆ ಗಂಟೆ ಬಾರಿಸುತ್ತದೆ. ಬರೆದವರು ಅವಧೂತ ಸರ್ ಮತ್ತು ಕಾಶಪ್ಪ. ಅದು ಹೇಗೆ ನಡೆಯುತ್ತದೆ ಎಂದು ಇಂಗ್ಲಿಷಿನಲ್ಲಿ ಬರೆದಿಡುವುದು ನನ್ನ ಕೆಲಸ. ಧಾರವಾಡದಲ್ಲಿ ಮೂರು ವರ್ಷ ಇಂಗ್ಲಿಷ್ ಸಾಹಿತ್ಯ ಓದಿ ಈಗ ಟ್ಯಾಂಕಿನ ಬಿಸಿ ಬರೆಯುತ್ತಿದ್ದೇನೆ. ಬೇಸರವೇನಿಲ್ಲ.

ಮಧ್ಯಾಹ್ನ ಸರ್ ಕರೆದರು. ಬೆಳಗಾವಿಯವರು. ಸಿಟ್ಟು ಬಂದರೆ ಮರಾಠಿ, ಕೆಲಸ ಆಗಬೇಕಾದರೆ ಕನ್ನಡ. ಇವತ್ತು ಕನ್ನಡ.

"ಶಾಮಲಾ, ಪ್ರೋಗ್ರಾಂ ದಪ್ಪ ಆಗೇದ. ಅವರ ಮಷಿನ್‌ನ್ಯಾಗ ಹಿಡೀವಲ್ತು. ನೀ ಹೆಂಗೂ ಒಂದೊಂದs ಮೆಥಡ್ ಓದಿ ಬರೀತಿ. ಯಾರೂ ಕರೀದs ಸುಮ್ನ ಕುಂತಾವು ಯಾವು, ಲಿಸ್ಟ್ ಮಾಡು. ತಗದ ಒಗಿಯೋಣ."

ಮೆಥಡ್ ಎಂದರೆ ಹೆಸರಿಟ್ಟ ಒಂದು ಸಣ್ಣ ಕೆಲಸ. ಬೇಕಾದಾಗ ಹೆಸರು ಹಿಡಿದು ಕರೆದರೆ ಅದು ನಡೆಯುತ್ತದೆ. ಆರುನೂರಕ್ಕಿಂತ ಹೆಚ್ಚಿವೆ. ನನಗೆ ಇಂಥ ಕೆಲಸ ಯಾರೂ ಕೊಟ್ಟಿರಲಿಲ್ಲ. ಹೂಂ ಅಂದೆ.

ಫೆಬ್ರುವರಿ 7

ಕಾಶಪ್ಪ ತೋರಿಸಿಕೊಟ್ಟರು. ಹೆಸರಿನ ಮೇಲೆ ಮೌಸ್ ಇಟ್ಟು ಒತ್ತಿದರೆ ಮೆನು. ಅದರಲ್ಲಿ 'ಸೆಂಡರ್ಸ್'. ಅದನ್ನು ಆರಿಸಿದರೆ, ಈ ಹೆಸರು ಎಲ್ಲೆಲ್ಲಿ ಬರೆದಿದೆಯೋ ಆ ಜಾಗಗಳ ಪಟ್ಟಿ ಬರುತ್ತದೆ.

"ಬ್ಯಾರೆ ಕಂಪ್ಯೂಟರ್ ಭಾಷಾದೊಳಗ ಇದು ಇಲ್ರಿ," ಅಂದರು. "ಈ ಸ್ಮಾಲ್‌ಟಾಕ್ ತನ್ನ ಹೊಟ್ಟಿ ತಾನs ಬಿಚ್ಚಿ ತೋರಸ್ತದ. ಏನ್ ಕೇಳಿದ್ರೂ ಹೇಳ್ತದ."

"ಸುಳ್ಳು ಹೇಳಂಗಿಲ್ಲೇನ್ರಿ?"

"ಮನುಷ್ಯಾ ಏನ್ರಿ ಅದು?"

ನಕ್ಕರು. ನಾನು ಕೀಬೋರ್ಡ್ ನೋಡಿದೆ. ಅವರು ಶಹಾಪುರದ ಕಡೆಯವರು. ಮನೆಯಲ್ಲಿ ಓದಿದವರು ಇವರೊಬ್ಬರೇ. ಹತ್ತಿರ ನಿಂತು ಮಾತಾಡಿದರೆ ನನಗೆ ಮಾತು ಹಿಂದೆ ಹೋಗುತ್ತದೆ.

ಫೆಬ್ರುವರಿ 8, ಸಂಜೆ

ಪಟ್ಟಿ ಮುಗಿಯಿತು. ನಲವತ್ತೊಂದು.

ಒಂದು ವಿಚಿತ್ರ. ಅದರಲ್ಲಿ ಒಂಬತ್ತು ಒಂದೇ ತರದವು — ಹಾಟ್‌ಟ್ಯಾಂಕ್1, ಹಾಟ್‌ಟ್ಯಾಂಕ್2... ಹೀಗೆ ಒಂಬತ್ತರವರೆಗೆ. ಪ್ರತಿಯೊಂದನ್ನೂ ಎರಡು ಸಲ ಕೇಳಿದೆ. ಸೆಂಡರ್ಸ್: ಯಾರೂ ಇಲ್ಲ. ಅಷ್ಟು ಅಚ್ಚುಕಟ್ಟಾಗಿ ಬರೆದು, ಒಂದನ್ನೂ ಯಾರೂ ಕರೆಯದೆ ಬಿಟ್ಟಿದ್ದಾರೆಯೇ?

ಕೇಳೋಣವೆಂದು ಸರ್ ಬಾಗಿಲವರೆಗೆ ಹೋದೆ. ಫೋನಿನಲ್ಲಿದ್ದರು. ಬೆನ್ನು ಕಾಣುತ್ತಿತ್ತು. ನಿಂತೆ... ಬಂದೆ.

ಫೆಬ್ರುವರಿ 10

"ಎಲ್ಲಾ ಬರೋಬ್ಬರಿ ನೋಡೀರಲ್ರಿ?" ಕಾಶಪ್ಪ ಕೇಳಿದರು. ಕೈಯಲ್ಲಿ ನನ್ನ ಪಟ್ಟಿ.

"ಹೌದ್ರಿ."

ಒಂದೊಂದೇ ತೆಗೆದರು. ತೆಗೆದದ್ದಕ್ಕೆಲ್ಲ ನನ್ನ ಪಟ್ಟಿಯ ಮೇಲೆ ಪೆನ್ಸಿಲ್ ಗೆರೆ. ಹಿಡಿಯಿತು ಪ್ರೋಗ್ರಾಂ. ಸರ್ ಪೇಢೆ ತರಿಸಿದರು. "ಸಾಹಿತ್ಯದವ್ರು ಕಣ್ಣಾಗ ಎಣ್ಣಿ ಹಾಕ್ಕೊಂಡು ಓದ್ತಾರ ನೋಡ್ರಿ" ಅಂತ ಎಲ್ಲರ ಮುಂದೆ ಹೇಳಿದರು. ಕಿವಿ ಬಿಸಿಯಾದವು.

ಕಾಶಪ್ಪ ಸೋಮವಾರ ಕುರಕುಂಭಕ್ಕೆ ಹೋಗಿ ಅವರ ಮಷಿನ್‌ಗೆ ಕೂಡಿಸಿ ಬರುತ್ತಾರೆ.

ಫೆಬ್ರುವರಿ 22. ಬುಧವಾರ

ಹೇಗೆ ಬರೆಯುವುದು ತಿಳಿಯುತ್ತಿಲ್ಲ. ಆದದ್ದನ್ನಷ್ಟೇ ಬರೆಯುತ್ತೇನೆ.

ನಿನ್ನೆ ಕುರಕುಂಭದಲ್ಲಿ ಏಳನೇ ಟ್ಯಾಂಕು ಮಿತಿ ದಾಟಿ ಬಿಸಿಯಾಯಿತು. ಗಂಟೆ ಮೊಳಗಲಿಲ್ಲ. ಪರದೆಯ ಮೇಲೆ ಒಂದು ಕಿಟಕಿ ತೆರೆಯಿತಂತೆ. ಅಲ್ಲಿದ್ದ ಆಪರೇಟರ್ ಅದರ ಮೊದಲ ಸಾಲು ಬರೆದುಕೊಂಡು, ಗಾಬರಿಯಾಗಿ ಮಷಿನ್ ಆರಿಸಿದ. ಸಾಲು ಇಷ್ಟು: ಹಾಟ್‌ಟ್ಯಾಂಕ್7 — ಅರ್ಥವಾಗಲಿಲ್ಲ. ಅಂದರೆ ಪ್ರೋಗ್ರಾಂ ಒಳಗಿಂದ ಆ ಹೆಸರನ್ನು ಕರೆದಿದೆ, ಆ ಹೆಸರಿನ ಮೆಥಡ್ ಸಿಕ್ಕಿಲ್ಲ.

ಹುಸೇನಪ್ಪ ಅಂತ ಒಬ್ಬ ಕೂಲಿ, ಯಾದಗಿರಿಯವನು. ಕೈಯಿಂದ ವಾಲ್ವ್ ತಿರುಗಿಸಲು ಓಡಿದ. ಎರಡೂ ಅಂಗೈ ಸುಟ್ಟಿವೆ. ದೌಂಡಿನ ಆಸ್ಪತ್ರೆಯಲ್ಲಿದ್ದಾನೆ.

ಕಾರ್ಖಾನೆಯವರು ಮಷಿನ್‌ಗೆ ಸೀಲ್ ಹಾಕಿದ್ದಾರೆ. ಯಾರ ತಪ್ಪು ಎಂದು ಬರೆದು ಕೊಡುವವರೆಗೆ ನಮ್ಮವರು ಯಾರೂ ಮುಟ್ಟುವಂತಿಲ್ಲ.

ಸರ್ ಪ್ರೋಗ್ರಾಮಿನ ನಮ್ಮ ಹಳೆಯ ಕಾಪಿ, ಏನೂ ತೆಗೆಯುವ ಮುಂಚಿನದು, ತೆರೆದು ಎಲ್ಲರ ಎದುರಿಗೇ ಹಾಟ್‌ಟ್ಯಾಂಕ್7ರ ಸೆಂಡರ್ಸ್ ಕೇಳಿದರು. ಯಾರೂ ಇಲ್ಲ ಎಂದೇ ಬಂತು.

"ಬಘಾ," ನೋಡಿ ಅಂದರು. ಮರಾಠಿ. ಆಮೇಲೆ ಕಾಶಪ್ಪನ ಕಡೆ ತಿರುಗಿ ಕನ್ನಡದಲ್ಲಿ, "ನಮ್ಮ ಕಾಪ್ಯಾಗ ಯಾರೂ ಕರೆಯಂಗಿಲ್ಲ. ಅಲ್ಲಿ ಕರದೈತಿ. ಹಂಗಾದ್ರ ಅಲ್ಲಿ ಹೋಗಿ ಕೈ ಆಡಿಸಿದಾಂವ ಯಾರು?"

"ನಾ ಏನೂ ಹಚ್ಚಿಲ್ರಿ ಸರ್. ಫ್ಲಾಪಿ ಹಾಕಿದೆ, ಕೂಡಿಸಿದೆ, ಬಂದೆ."

"ಏಳು ದಿವಸ ಫ್ಲಾಪಿ ಹಾಕಿದಿ?"

"ಅವರ ಪ್ರಿಂಟರ್ ಕೆಟ್ಟಿತ್ರಿ..."

ಸರ್ ಕೇಳಲಿಲ್ಲ. ಕಾಶಪ್ಪನಿಗೆ ಸೋಮವಾರ ಬಂದು ಸಾಮಾನು ಒಯ್ಯಲು ಹೇಳಿದರು. ನನಗೆ — ಪತ್ರ ಬರಿ, ಇಂಗ್ಲಿಷ್ ಚೊಲೊ ಇರಲಿ. 'ಸಂಬಂಧಪಟ್ಟ ಇಂಜಿನಿಯರ್ ಯಾರಿಗೂ ಹೇಳದೆ ಬದಲಾವಣೆ ಮಾಡಿದ' ಎಂದು. ಸೋಮವಾರದೊಳಗೆ.

ನನ್ನ ಪಟ್ಟಿಯ ಮಾತು ಯಾರೂ ಎತ್ತಲಿಲ್ಲ. ಪಟ್ಟಿ ಸರಿಯೆಂದೇ ಆಯಿತಲ್ಲ.

ಕಾಶಪ್ಪ ಮೆಟ್ಟಿಲಿಳಿಯುವಾಗ ನನ್ನನ್ನು ನೋಡಿದರು. ಸಿಟ್ಟಿನಿಂದಲ್ಲ. "ನೀವು ನೋಡೀರಲ್ರಿ, ಯಾರೂ ಕರೆಯಂಗಿಲ್ಲ ಅಂತ?" ನಿಜವಾಗಿ ತಿಳಿಯದೆ ಕೇಳಿದರು. "ಹಂಗಾದ್ರ ಕರದಾವ್ರು ಯಾರ್ರಿ?"

ಫೆಬ್ರುವರಿ 23. ಗುರುವಾರ

ಗುರುವಾರದ ರಜೆ. ಸ್ವಾರಗೇಟ್ ಕಡೆ ಇಡೀ ದಿನ ಕರೆಂಟ್ ಇರುವುದಿಲ್ಲ. ಬೆಳಿಗ್ಗೆಯಿಂದ ಮೂರು ಸಲ ಪತ್ರಕ್ಕೆ ಕೂತೆ. ಮೊದಲ ವಾಕ್ಯ ಬಹಳ ಚೆನ್ನಾಗಿ ಬರುತ್ತದೆ. ಅದೇ ಸಂಕಟ.

ಹನ್ನೊಂದಕ್ಕೆ ಗ್ಯಾಸಿನವನು ಹೊಸ ಕಾರ್ಡ್ ಬರೆಯಲು ಬಂದ. ಕಾಕಾ — ಅಪ್ಪನ ತಮ್ಮ, ನಾನಿರುವುದು ಅವರ ಮನೆಯಲ್ಲಿ — ಕೆಲಸಕ್ಕೆ ಹೋಗಿದ್ದರು; ಬಾಗಿಲಲ್ಲಿ ಕಾಕು. ನಾನು ಒಳಗೆ ತಲೆ ಒರೆಸಿಕೊಳ್ಳುತ್ತಿದ್ದೆ.

"ಮಾಲಕಾಂಚ ನಾವ?" ಮನೆಯವರ ಹೆಸರೇನು ಎಂದು ಕೇಳಿದ.

ಕಾಕು ಗಂಡನ ಹೆಸರು ಹೇಳುವುದಿಲ್ಲ. ಮದುವೆಯಾಗಿ ಇಪ್ಪತ್ತಾರು ವರ್ಷ, ಒಂದು ದಿನ ಬಾಯಲ್ಲಿ ಬಂದಿಲ್ಲ. ಕರೆಯುವುದೆಲ್ಲ "ಕೇಳಿಸ್ತೇನ್ರಿ" ಎಂದು.

"ಸೀತೇಚಾ ನವರಾ ಕೋಣ?" ಸೀತೆಯ ಗಂಡ ಯಾರು ಎಂದು ಕಾಕು ಅವನನ್ನೇ ಕೇಳಿದಳು.

"ರಾಮ."

"ಹಾಂ, ಅದು ಬರಕೊ. ಆಮ್ಯಾಲ ಇದು." ಅವನಿಗೆ ಅಷ್ಟಿಷ್ಟು ಕನ್ನಡ ತಿಳಿಯುತ್ತದೆ. ಕೊರಳ ಬೆಳ್ಳಿ ಕರಡಿಗೆ ಮುಟ್ಟಿ ತೋರಿಸಿರಬೇಕು.

"...ಲಿಂಗ?"

"ನಿನ್ನ ಹಡದಾಂವಗ ನಮ್ಮ ಕನ್ನಡದೊಳಗ ಏನಂತಾರ? ಅದು ಕಡೀಕ್ ಹಚ್ಚು."

ಅವನು ನಗುತ್ತಾ ಬಾಗಿಲಾಚೆ ಯಾರನ್ನೋ ಕೇಳಿ ಬರೆದುಕೊಂಡ. "ಕಾಯ ಮಾವಶಿ, ರಾಮಲಿಂಗಪ್ಪ ಮ್ಹಣಾ ಕೀ ಸರಳ!" — ನೇರವಾಗಿ ಹೇಳಬಾರದೇ ಅಂತ.

"ನೀ ಅಂದಿ, ನಾ ಅನ್ನಲಿಲ್ಲ," ಅಂದಳು ಕಾಕು.

ಟವೆಲ್ ಕೈಯಲ್ಲೇ ಉಳಿಯಿತು. ಕಾಕುವಿನ ಬಾಯಲ್ಲಿ ಆ ಹೆಸರು ಎಷ್ಟು ಹುಡುಕಿದರೂ ಸಿಗುವುದಿಲ್ಲ. ಆದರೂ ಕಾರ್ಡಿನ ಮೇಲೆ ಬಂತು. ತುಂಡು ಕೊಟ್ಟಳು, ಇನ್ನೊಬ್ಬ ಜೋಡಿಸಿದ.

ಸೆಂಡರ್ಸ್ ಹುಡುಕುವುದು ಬರೆದಿಟ್ಟ ಪೂರ್ತಿ ಹೆಸರನ್ನು. 'ಹಾಟ್‌ಟ್ಯಾಂಕ್' ಬೇರೆ, ಏಳು ಬೇರೆ ಇದ್ದರೆ?

ಬಸ್ಸು ಹಿಡಿದು ಆಫೀಸಿನವರೆಗೆ ಹೋದೆ. ಬೀಗ. ಕರೆಂಟಿಲ್ಲವೆಂದು ಗೊತ್ತಿದ್ದೂ ಹೋದೆ. ವಾಪಸ್ ಬಂದೆ. ಊಟ ಸೇರಲಿಲ್ಲ. "ಯಾಕ, ಬಸ್ಸಿನ್ಯಾಗ ತಿರಗಲಿಕ್ಕೆ ಹೋಗಿದ್ದೇನs?" ಅಂದಳು ಕಾಕು.

ಫೆಬ್ರುವರಿ 24, ಬೆಳಿಗ್ಗೆ 8.20

ವಾಚ್‌ಮನ್ ಈಗ ತೆರೆದ. ಯಾರೂ ಬಂದಿಲ್ಲ.

ಹಳೆಯ ಕಾಪಿ ತೆರೆದೆ. ಒಂಬತ್ತು ಹೆಸರುಗಳ ಸೆಂಡರ್ಸ್ ಕೇಳುವುದು ಬಿಟ್ಟೆ. 'ಪರ್ಫಾರ್ಮ್' ಎಂಬುದರ ಸೆಂಡರ್ಸ್ ಕೇಳಿದೆ — ಹೆಸರನ್ನು ಕೈಗೆ ಕೊಟ್ಟರೆ ಆ ಹೆಸರಿನ ಕೆಲಸ ಮಾಡಿಸುವುದು ಅದು. ಮ್ಯಾನ್ಯುಅಲ್‌ನಲ್ಲಿ ನಾನೇ ಬರೆದಿದ್ದೆ, ಇಪ್ಪತ್ತನೇ ಪುಟ. ಬರೆದು ಮರೆತಿದ್ದೆ.

ಆರು ಜಾಗ. ಒಂದೊಂದೇ ತೆರೆದೆ.

ನಾಲ್ಕನೆಯದು. ಟ್ಯಾಂಕ್ ನೋಡುವ ಕೆಲಸ. ಬಿಸಿ ಮಿತಿ ದಾಟಿದರೆ 'ಹಾಟ್‌ಟ್ಯಾಂಕ್' ಎಂಬ ಅಕ್ಷರಗಳಿಗೆ ಟ್ಯಾಂಕಿನ ನಂಬರ್ ಅಂಟಿಸಿ, ಬಂದದ್ದನ್ನು ಹೆಸರು ಮಾಡಿ, ಪರ್ಫಾರ್ಮ್. ಒಂದೇ ಸಾಲು.

ಒಂಬತ್ತನ್ನೂ ತೆಗೆದ ಹೊಸ ಕಾಪಿಯಲ್ಲಿ ಏಳನೇ ಟ್ಯಾಂಕಿನ ಬಿಸಿ ಕೈಯಿಂದ ಏರಿಸಿದೆ. ಕಿಟಕಿ ತೆರೆಯಿತು. ಅದೇ ಸಾಲು.

ಕುರಕುಂಭದಲ್ಲಿ ಯಾರೂ ಏನೂ ಹಚ್ಚಿಲ್ಲ. ಎಲ್ಲ ಇಲ್ಲಿಂದಲೇ ಹೋದದ್ದು. ಪಟ್ಟಿ ನನ್ನದು.

ಆ ಸಾಲಿನ ಮೇಲೆ ಟಿಪ್ಪಣಿ: ಅ.ಕ., ಮಾರ್ಚ್ 88. ಅವಧೂತ ಸರ್.

ಅದೇ ದಿನ, ಮಧ್ಯಾಹ್ನ

ಹೇಳಲಿಲ್ಲ. ಸರ್ ಮೂರು ಸಲ ನನ್ನ ಮೇಜಿನ ಮುಂದೆ ಹಾದರು. ಒಂದು ಸಲ "ಪತ್ರ?" ಅಂದರು. "ಬರೀಲಿಕ್ಕತ್ತೇನ್ರಿ."

ಆ ಸಾಲಿನ ಪ್ರಿಂಟ್ ತೆಗೆದೆ. ಬ್ಯಾಗಿನಲ್ಲಿದೆ. ಹೇಳದಿದ್ದರೆ ನನಗೆ ಏನೂ ಆಗುವುದಿಲ್ಲ. ಎಲ್ಲಕ್ಕಿಂತ ಅದೇ ಕೆಟ್ಟದ್ದು. ಅವತ್ತು ಬಾಗಿಲಲ್ಲಿ ಇನ್ನೆರಡು ನಿಮಿಷ ನಿಂತಿದ್ದರೆ ಸರ್ ಫೋನ್ ಇಡುತ್ತಿದ್ದರು.

ಫೆಬ್ರುವರಿ 26. ಭಾನುವಾರ

ಪತ್ರ ಬರೆದೆ. ನಾಲ್ಕು ಸಲ. ಪ್ರತಿ ಸಲ ಚಿಕ್ಕದಾಯಿತು. ಕಡೆಗೆ ಒಂದು ಪುಟ, ಮೂರು ಹೆಸರು, ಆದ ಕ್ರಮದಲ್ಲಿ. ಕರೆಯನ್ನು ಕಾಣದಂತೆ ಬರೆದವರು. ಅನುಮಾನ ಬಂದೂ ಕೇಳದೆ ಪಟ್ಟಿ ಕೊಟ್ಟವಳು. ಪಟ್ಟಿ ನಂಬಿ ತೆಗೆದವರು. ಕೊನೆಗೆ ಒಂದು ವಾಕ್ಯ — ಕಾಶಪ್ಪ ಕುರಕುಂಭದಲ್ಲಿ ಯಾವ ಬದಲಾವಣೆಯನ್ನೂ ಮಾಡಿಲ್ಲ. ಹುಸೇನಪ್ಪನ ಹೆಸರೂ ಹಾಕಿದೆ. ಕಾರ್ಖಾನೆಯವರ ಕಾಗದದಲ್ಲಿ ಅವನು 'ಒಬ್ಬ ಕೂಲಿ' ಮಾತ್ರ.

ಫೆಬ್ರುವರಿ 27. ಸೋಮವಾರ, ಬೆಳಿಗ್ಗೆ 10.40

ಕೊಟ್ಟೆ.

ಸರ್ ನಿಂತೇ ಓದಿದರು. ಆಮೇಲೆ ಕೂತರು. ಪ್ರಿಂಟ್ ನೋಡಿದರು.

"ನಾ ಹೇಳಿದ ಪತ್ರ ಇದಲ್ಲ."

"ಅಲ್ರಿ."

"ನಿನ್ನ ಹೆಸರು ಹಾಕ್ಕೊಂಡೀಯಲ್ಲ. ಯಾರು ಕೇಳಿದ್ರು ನಿನ್ನ?"

"ನನಗ ಸಂಶೇ ಬಂದಿತ್ರಿ ಅವತ್ತ. ಬಾಗಲತನಾ ಬಂದು ಹೊಳ್ಳಿ ಹೋದೆ."

"ಯಾಕ?"

"ನೀವು ಫೋನ್‌ನ್ಯಾಗ ಇದ್ರಿ."

ನನ್ನನ್ನು ನೋಡಿದರು, ಮೊದಲ ಸಲ ನೋಡುವವರ ಹಾಗೆ. ಆಮೇಲೆ ಆ ಸಾಲಿನ ಮೇಲೆ ಬೆರಳಿಟ್ಟರು. "ಒಂಬತ್ತ ಸರ್ತೆ ಯಾರು ಬರೀಬೇಕು ಅಂತ ಒಂದs ಸಾಲಿನ್ಯಾಗ ಮುಗಿಸಿದ್ದೆ. ಅವತ್ತ ಭಾಳ ಖುಷಿ ಆಗಿತ್ತು ನನಗ." ಬೆರಳು ತೆಗೆದು, "ಈ ಪತ್ರ ಹೋದ್ರ ಕಾಂಟ್ರ್ಯಾಕ್ಟ್ ಉಳಿಯಂಗಿಲ್ಲ. ಗೊತ್ತದ ಏನು? ಮೂರೂ ಮಂದಿ ಮನ್ಯಾಗ ಕೂಡಬೇಕಾಗ್ತದ."

 ಈ ಸಲ ವಾಪಸ್ ಹೋಗಲಿಲ್ಲ. ನಿಂತೆ.

"ಹೋಗು. ಕೆಲಸ ಮಾಡ್ಕೊ."

11.15

ಕಾಶಪ್ಪ ಬಂದರು. ಕೈಯಲ್ಲಿ ಖಾಲಿ ಚೀಲ, ಸಾಮಾನಿಗೆ. ಪ್ರಿಂಟಿನ ಇನ್ನೊಂದು ಕಾಪಿ ಅವರ ಮುಂದಿಟ್ಟೆ. ಓದಿದರು.

"ಪರ್ಫಾರ್ಮ್," ಅಂದರು ಮೆಲ್ಲಗೆ. "ನನಗ ಹೊಳೀಲಿಲ್ಲ ನೋಡ್ರಿ."

ಪತ್ರದ ವಿಷಯ ಹೇಳಿದೆ. ನನ್ನ ಹೆಸರು ಬಂದಾಗ ತಲೆ ಅಲ್ಲಾಡಿಸಿದರು. "ಹುಚ್ಚೇನ್ರಿ ನೀವು? ನಿಮ್ಮದು ಯಾಕ..."

"ತಪ್ಪು ನಂದೂ ಇತ್ತಲ್ರಿ, ಅದಕ್ಕ."

11.30

ಸರ್ ಕುರಕುಂಭಕ್ಕೆ ಟ್ರಂಕ್ ಕಾಲ್ ಬುಕ್ ಮಾಡಿದ್ದಾರೆ. ಬಾಗಿಲು ಅರ್ಧ ತೆರೆದಿದೆ. ಮೇಜಿನ ಮೇಲೆ ಎರಡು ಹಾಳೆ ಕಾಣುತ್ತಿವೆ. ಒಂದು ನನ್ನದು. ಇನ್ನೊಂದರಲ್ಲಿ ಅವರೇ ಏನೋ ಗೀಚಿದ್ದಾರೆ.

ಕಾಶಪ್ಪ ಚಹಾ ಹಿಡಿದು ನಿಂತಿದ್ದಾರೆ. ಕುಡಿಯುತ್ತಿಲ್ಲ. ನಾನು ಬರೆಯುತ್ತಿದ್ದೇನೆ, ಕೈಗೆ ಏನಾದರೂ ಬೇಕಲ್ಲ.

ಲೈನ್ ಸಿಕ್ಕಿತು. ನಮಸ್ಕಾರ, ಹವಾ, ಹುಸೇನಪ್ಪ ಹೇಗಿದ್ದಾನೆ — ಮರಾಠಿ. ಕಾಗದದ ಸಪ್ಪಳ.

ಇಂಗ್ಲಿಷ್. ಓದುತ್ತಿದ್ದಾರೆ. ನನ್ನ ವಾಕ್ಯ. ಮೊದಲ ವಾಕ್ಯ, ಒಂದು ಶಬ್ದವೂ ಬಿಟ್ಟಿಲ್ಲ.

ತಮ್ಮ ಹೆಸರಿಗೆ ಬಂದು ನಿಂತರು. ಅಲ್ಲಿಂದ ಯಾರೋ ಹಲೋ ಹಲೋ ಅನ್ನುತ್ತಿರಬೇಕು... ಓದಿದರು. ಪೂರ್ತಿ ಹೆಸರು, ಅಪ್ಪನ ಹೆಸರು ಸಮೇತ. ದೊಡ್ಡದಾಗಿ.

ಇನ್ನು ನನ್ನದು. ಕಾಶಪ್ಪ ಕಪ್ಪು ಕೆಳಗಿಟ್ಟರು. ಸರ್ ತಲೆ ಎತ್ತಿ ಬಾಗಿಲ ಸಂದಿಯಿಂದ ನನ್ನ ಕಡೆ ನೋಡಿ, ಓದಲೋ ಬೇಡವೋ ಎಂಬಂತೆ ಹುಬ್ಬೇರಿಸಿದರು. ಎದ್ದು ನಿಂತೆ. ಹೂಂ ಎಂದು ತಲೆಯಾಡಿಸಿದೆ.