ಹದಿನೈದು ಪದಗಳು

ಸಿಕಂದರಾಬಾದ್, ಮಂಗಳವಾರ

ಪ್ರಮಿಳಾ ಅತ್ತೆಗೆ ಮಂದಾರಳ ನಮಸ್ಕಾರ.

ಫೋನಿನಲ್ಲಿ ಹೇಳಿದರೆ ಅಜ್ಜಿಗೆ ಕೇಳಿಸುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ. ಪ್ರತಿ ಗುರುವಾರ ಒಬ್ಬರೇ ಬಸ್ಸಿನಲ್ಲಿ ಸನತ್‌ನಗರಕ್ಕೆ ನಿಮ್ಮಲ್ಲಿಗೆ ಬರುತ್ತಿದ್ದ ಅವರು ತಿಂಗಳಿಂದ ಬಂದಿಲ್ಲ. ಕಾರಣ ಅವರು ಹೇಳುವ ಮೊಣಕಾಲು ನೋವಲ್ಲ, ನಾನು.

ಮನಶ್ಶಾಸ್ತ್ರದ ಪ್ರಾಕ್ಟಿಕಲ್‌ಗಾಗಿ ಅವರಿಗೆ ಹದಿನೈದು ಪದಗಳನ್ನು ಓದಿ ಕೇಳಿಸಿ, ‘ನೆನಪಿದ್ದಷ್ಟು ಹೇಳಿ’ ಎಂದೆ. ನಾಲ್ಕು ಹೇಳಿದರು. ಪಟ್ಟಿ ತೆಲುಗಿನದು, ಕನ್ನಡಕ್ಕೆ ಬದಲಿಸುವ ಶ್ರಮ ನಾನು ಪಡಲಿಲ್ಲ. ಅಂಕ ತಿಳಿಸಬಾರದೆಂಬ ನಿಯಮವಿದ್ದರೂ ಮನೆಯವರೆಲ್ಲರ ಎದುರು ನಗುತ್ತಾ ಹೇಳಿಬಿಟ್ಟೆ.

ವಾರದ ನಂತರ ಅಜ್ಜಿ ಹದಿನೈದನ್ನೂ ಕಲಿತು ಒಪ್ಪಿಸಿದರು. “ಈಗ ಹಾಕು ನಂಬರ. ನಿಮ್ಮ ಮೇಡಮ್ಮಗ ತೋರ್ಸು,” ಎಂದರು.

“ಒಂದೇ ಪಟ್ಟಿ ಎರಡನೇ ಸಲ ಲೆಕ್ಕಕ್ಕ ಬರಂಗಿಲ್ಲ ಅಜ್ಜಿ,” ಎಂದೆ.

“ಹಂಗಾದ್ರ ಬಿಡವಾ,” ಎಂದವರು, ಬಸ್ಸಿನಲ್ಲಿ ಉಚಿತ ಪ್ರಯಾಣಕ್ಕೆ ತೋರಿಸುವ ಆಧಾರ್ ಕಾರ್ಡನ್ನು ಪರ್ಸಿನಿಂದ ತೆಗೆದು ಕಪಾಟಿನಲ್ಲಿಟ್ಟರು.

ಈ ಗುರುವಾರ ಅವರನ್ನು ಕರೆತರಲು ಯಾರನ್ನೂ ಕಳಿಸಬೇಡಿ. ನಾನು ಜೊತೆಗೆ ಬರುತ್ತೇನೆ. ಬಸ್ಸಿನಲ್ಲಿ ನಿಮ್ಮ ಮನೆಗೆ ಬರುವ ದಾರಿ ನನಗೆ ಗೊತ್ತಿಲ್ಲ. ಇದು ನೆಪವಲ್ಲ, ನಿಜ. ಎಲ್ಲಿ ಇಳಿಯಬೇಕೆಂದು ನೀವು ಹೇಳಬೇಡಿ. ಅಜ್ಜಿಯನ್ನೇ ಕೇಳುತ್ತೇನೆ.

ನಿಮ್ಮ ಸೋದರಸೊಸೆ,
ಮಂದಾರ